ಹೊಗೆಯಿಲ್ಲದ ಮನೆ

ಜಯನಗರದಲ್ಲಿ ಮನೆ ಹುಡುಕುವ ವಿದ್ಯೆ ನನಗೆ ಕರಗತವಾದದ್ದು ಮದುವೆಯಾದ ಆರನೇ ತಿಂಗಳಲ್ಲಿ. ಭಾವನವರ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಜನ. ನಾನೂ ನನ್ನ ಯಜಮಾನರೂ ನಾಲ್ಕು ಮಾತಾಡಬೇಕೆಂದರೆ ಲಾಲ್‌ಬಾಗಿಗೇ ಹೋಗಬೇಕಿತ್ತು. ನಮ್ಮದೇ ಒಂದು ಬಾಗಿಲು ಸಿಕ್ಕರೆ ಸಾಕೆಂದು ಒದ್ದಾಡುತ್ತಿದ್ದೆ.

ಅರವತ್ತರ ದಶಕದ ಆ ದಿನಗಳಲ್ಲಿ ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಣದ ಕಚೇರಿಗೆ ತಿಳಿಸಬೇಕು. ಅವರು ಕಳಿಸಿದವರಿಗೆ, ಅವರು ಗೊತ್ತುಮಾಡಿದ ಬಾಡಿಗೆಗೆ ಕೊಡಬೇಕು. ಬಂದವರನ್ನು ಬಿಡಿಸುವುದು ಬ್ರಹ್ಮನಿಂದಲೂ ಆಗದು. ಹಾಗಾಗಿ ಯಾರೂ ‘ಟು ಲೆಟ್’ ಬೋರ್ಡು ಹಾಕುತ್ತಿರಲಿಲ್ಲ. ಖಾಲಿ ಮನೆಯ ಮುಂದೆ ರಂಗೋಲಿ ಬಿಟ್ಟು, ತಂತಿಯ ಮೇಲೆ ಸೀರೆ ಹರವಿ, ಸಂಸಾರವಿದೆಯೆಂದು ನಂಬಿಸುತ್ತಿದ್ದರು. ಬಚ್ಚಲೊಲೆ ಮಾತ್ರ ಹಚ್ಚುತ್ತಿರಲಿಲ್ಲ. ಸುಮ್ಮನೆ ಸೌದೆ ಯಾರು ದಂಡ ಮಾಡುತ್ತಾರೆ?

ಅಂಥದೊಂದು ಮನೆ ನಾಲ್ಕನೇ ಬ್ಲಾಕಿನಲ್ಲಿ ಕಣ್ಣಿಗೆ ಬಿತ್ತು. ಮೂರು ದಿನದಿಂದ ಅದೇ ಹಸಿರು ಸೀರೆ, ಹೊಗೆಯ ಸುಳಿವಿಲ್ಲ. ಅದೇ ಕಾಂಪೌಂಡಿನಲ್ಲಿದ್ದ ಮಾಲೀಕರನ್ನು ನಾನೂ ಯಜಮಾನರೂ ಹೋಗಿ ಕೇಳಿದೆವು.

“ಖಾಲಿ ಇಲ್ಲಮ್ಮ, ಸಂಸಾರ ಇದೆ.”

“ಹಾಗಾದ್ರೆ ಹೊಗೆ ಯಾಕೆ ಬರಲ್ಲ? ಅವರು ಸ್ನಾನ ಮಾಡಲ್ವಾ?” ಎಂದೆ.

ಅಷ್ಟರಲ್ಲಿ ಗೇಟಿನ ಬಳಿ ಸೈಕಲ್ಲು ನಿಂತಿತು. ಕಚೇರಿಯ ಇನ್‌ಸ್ಪೆಕ್ಟರು, ಕಂಕುಳಲ್ಲಿ ದಪ್ಪ ರಿಜಿಸ್ಟರು. “ಈ ಮನೇಲಿ ಯಾರಿದಾರೆ?”

ಮಾಲೀಕರು ನಮ್ಮಿಬ್ಬರನ್ನೂ ತೋರಿಸಿಬಿಟ್ಟರು. “ಇವರೇ ಸಾರ್.”

ನನಗೆ ತಡೆಯಲಾರದ ನಗು. ಸೆರಗು ಬಾಯಿಗೆ ತುರುಕಿಕೊಂಡು, ಬೀಗ ಕಾಣದಂತೆ ಬಾಗಿಲಿಗೆ ಒರಗಿ ನಿಂತೆ. ನಮ್ಮ ಯಜಮಾನರಂತೂ ಹತ್ತು ವರ್ಷದ ಬಾಡಿಗೆದಾರರ ಗತ್ತಿನಲ್ಲಿ, “ನಲ್ಲಿ ಸೋರುತ್ತೆ ಸಾರ್, ಎಷ್ಟು ಹೇಳಿದ್ರೂ ರಿಪೇರಿ ಮಾಡಿಸಲ್ಲ ಇವರು” ಎಂದು ದೂರು ಬೇರೆ ಕೊಟ್ಟರು. ಇನ್‌ಸ್ಪೆಕ್ಟರು ಮಾಲೀಕರನ್ನು ಗದರಿಸಿ, ನಮ್ಮ ಹೆಸರು ಬರೆದುಕೊಂಡು ಹೋದರು.

“ಉಪಕಾರ ಆಯ್ತು. ಇನ್ನು ಹೊರಡಿ” ಎಂದರು ಮಾಲೀಕರು.

“ಎಲ್ಲಿಗೆ ಸಾರ್? ರಿಜಿಸ್ಟರಲ್ಲಿ ನಾವೇ ಇದೀವಲ್ಲ” ಎಂದರು ನಮ್ಮವರು.

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಆ ಮನುಷ್ಯ ಮೆಟ್ಟಿಲ ಮೇಲೆ ಕುಕ್ಕರಿಸಿದರು. ನಮ್ಮ ಮುಖ ನೋಡಿ ನೋಡಿ ಕೊನೆಗೆ ಅವರಿಗೂ ನಗು ಬಂತು. “ನಾಳೆಯಿಂದ ರಂಗೋಲಿ ನೀನೇ ಹಾಕಮ್ಮ. ಎರಡೆರಡು ಬಾಗಿಲಿಗೆ ಹಾಕಿ ನಮ್ಮನೆಯವಳ ಸೊಂಟ ಬಿದ್ದುಹೋಗಿದೆ” ಎಂದು ಬೀಗದ ಕೈ ಕೊಟ್ಟರು.

ಹಾಲುಕ್ಕಿಸಿದ ದಿನ ಬಚ್ಚಲೊಲೆಗೆ ಬೆಂಕಿ ಹಾಕಿದವಳೇ ಬೀದಿಗೆ ಓಡಿದೆ. ಹೊಗೆ ಬರುತ್ತಿತ್ತು. ಎದುರಿನ ಖಾಲಿ ಸೈಟಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಭಾವನ ಮನೆಯಲ್ಲಿ ಆರು ತಿಂಗಳು ಪಿಸುಗುಟ್ಟಿಕೊಂಡೇ ಇದ್ದ ನನ್ನ ಗಂಡ ಒಳಗಿನಿಂದ ನನ್ನ ಹೆಸರು ಹಿಡಿದು ಜೋರಾಗಿ ಕೂಗಿದರು.