ಮರುದಿನ ಕಟ್ಟಿದ ತಂತಿ

ನಮ್ಮ ಸುಗಟೂರಿನ ಅಮರನಾಥನಿಗೆ ಬಾರದ ಕೆಲಸವಿಲ್ಲ. ಗಾರೆ, ವೆಲ್ಡಿಂಗ್, ವೈರಿಂಗ್, ನಲ್ಲಿ ಪೈಪು ಎಲ್ಲ ಬರುತ್ತದೆ. ಹೆರಿಗೆ ಮಾಡಿಸುವುದೊಂದು ಬಾಕಿ ಎಂದು ನಾವು ರೇಗಿಸುತ್ತಿದ್ದೆವು. ಮಾಲೂರಿನಾಚೆ ಖಾಸಗಿಯವರ ಏರ್‌ಸ್ಟ್ರಿಪ್ಪಿನಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್ ಕಟ್ಟಲು ಗುತ್ತಿಗೆದಾರ ಅವನನ್ನು ಇಟ್ಟುಕೊಂಡಿದ್ದ. ಹೇಳಿದ ಕೆಲಸಕ್ಕೆ ಎದುರಾಡುವುದು ಅಮರನಾಥನ ಜಾಯಮಾನದಲ್ಲೇ ಇಲ್ಲ. ನಮ್ಮೂರಿನ ಆಂಜಿಯೂ ಅವನ ಜೊತೆ ಹೋಗುತ್ತಿದ್ದ.

ಒಂದು ಸೋಮವಾರ ಚಾವಣಿಗೆ ಶೀಟು ಜೋಡಿಸುತ್ತಿದ್ದ ಆಂಜಿ ಕಾಲು ಜಾರಿ ಬಿದ್ದ. ಸೊಂಟಕ್ಕೆ ಬೆಲ್ಟ್ ಇತ್ತು. ಅದರ ಕೊಕ್ಕೆ ಸಿಕ್ಕಿಸಲು ಮೇಲೆ ತಂತಿಯೇ ಇರಲಿಲ್ಲ. ಆಸ್ಪತ್ರೆ ಸೇರುವ ಮುಂಚೆಯೇ ಪ್ರಾಣ ಹೋಗಿತ್ತು.

ಮರುದಿನ ಬೆಳಗಾಗುತ್ತಲೇ ಸೂಪರ್‌ವೈಸರ್ ಅನಿಲ್‌ಕುಮಾರ್, "ಉಳಿದೋರಾದ್ರೂ ಬದುಕ್ಲಿ ಅಮರನಾಥ್, ತಂತಿ ಎಳೆದ್ಬಿಡು" ಎಂದ. ಇವನು ಅಳುತ್ತಲೇ ಹತ್ತಿದ. ತೊಲೆಗಳಿಗೆ ಕೊಂಡಿ ವೆಲ್ಡ್ ಮಾಡಿ, ಉಕ್ಕಿನ ತಂತಿ ಬಿಗಿದು, ತಾನೇ ಜೋತುಬಿದ್ದು ನೋಡಿದ. ಕೊಂಡಿಗಳಿಗೆ ಬೇಗ ಬಣ್ಣ ಹಚ್ಚು ಎಂದು ಅನಿಲ್‌ಕುಮಾರ್ ಹೇಳಿದಾಗಲೂ ಅವನಿಗೆ ಏನೂ ಹೊಳೆಯಲಿಲ್ಲ. ಹಚ್ಚದಿದ್ದರೆ ತುಕ್ಕು ಹಿಡಿಯುತ್ತದಲ್ಲ, ಅಷ್ಟೇ ಅವನ ಯೋಚನೆ. ಪುಣ್ಯಾತ್ಮ, ಅಷ್ಟು ಚೆನ್ನಾಗಿ ಮಾಡಬೇಕಿತ್ತೆ!

ಮಧ್ಯಾಹ್ನ ತನಿಖೆಗೆ ಅಧಿಕಾರಿಯೊಬ್ಬರು ಬಂದರು. ಅದೇ ಹೊತ್ತಿಗೆ ಆಂಜಿಯ ಹೆಂಡತಿ ಮುನಿಲಕ್ಷ್ಮಿಯನ್ನು ನಾನು ಟೆಂಪೋದಲ್ಲಿ ಕರೆತಂದಿದ್ದೆ. ಗಂಡ ಬಿದ್ದ ಜಾಗ ನೋಡಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಅನಿಲ್‌ಕುಮಾರ್ ಮೇಲಕ್ಕೆ ಕೈ ತೋರಿಸಿ, "ತಂತಿ ಮೊದಲಿಂದ್ಲೂ ಇದೆ ಸಾರ್. ಅವ್ನೇ ಕೊಕ್ಕೆ ಹಾಕ್ಕೊಂಡಿಲ್ಲ" ಎಂದ. ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಆದರೆ ಆಗ ನಾನೂ ನಂಬಿಬಿಟ್ಟೆ.

ಮುನಿಲಕ್ಷ್ಮಿ ಕತ್ತೆತ್ತಿ ನೋಡಿದಳು. ಅಳು ನಿಂತು ಸಿಟ್ಟು ಬಂತು. "ಇಷ್ಟು ಗಟ್ಟಿ ತಂತಿ ಇತ್ತಲ್ಲೋ, ಹಾಕ್ಕೊಳ್ಳೋಕೇನಾಗಿತ್ತು ನಿಂಗೆ? ಮಕ್ಕಳ ನೆನಪೂ ಆಗ್ಲಿಲ್ವಾ?" ಎಂದು ಸತ್ತವನನ್ನೇ ಬೈಯತೊಡಗಿದಳು.

ಬೆಳಗ್ಗೆ ತನ್ನಿಂದ ಮಾಡಿಸಿದ್ದು ಏತಕ್ಕೆಂದು ಅಮರನಾಥನಿಗೆ ಆಗ ತಿಳಿಯಿತು. ಅನಿಲ್‌ಕುಮಾರ್ ಕಣ್ಸನ್ನೆ ಮಾಡುತ್ತಿದ್ದರೂ ಮುಂದೆ ಬಂದ.

"ಆಂಜಿನ ಬೈಬೇಡ ಕಣಮ್ಮ. ನಿನ್ನೆ ತಂತಿ ಇರ್ಲಿಲ್ಲ. ಇವತ್ತು ಬೆಳಗ್ಗೆ ನಾನೇ ಕಟ್ಟಿದ್ದು." ಅಧಿಕಾರಿಯ ಕಡೆ ತಿರುಗಿ, "ಬಣ್ಣ ಇನ್ನೂ ಒಣಗಿಲ್ಲ ಸಾರ್, ಹತ್ತಿ ಮುಟ್ಟಿ ನೋಡಿ" ಎಂದ.

ಅಧಿಕಾರಿ ಏಣಿ ತರಿಸಿದರು. ಅನಿಲ್‌ಕುಮಾರ್ ಫೋನು ಹಿಡಿದು ಹೊರಗೆ ಹೋದ. ಮುನಿಲಕ್ಷ್ಮಿ ಮಾತ್ರ ಅಮರನಾಥನನ್ನೇ ನೋಡುತ್ತಿದ್ದಳು.

"ಒಂದು ಬೆಳಗ್ಗೇಲಿ ಆಗೋ ಕೆಲಸ. ಮುಂಚೇನೇ ಕಟ್ಟೋಕಾಗ್ತಿರ್ಲಿಲ್ವಾ ಅಣ್ಣಾ?"

"ಯಾರೂ ಹೇಳ್ಲಿಲ್ಲ ಕಣಮ್ಮ" ಎಂದ ಅಮರನಾಥ. ಆಮೇಲೆ, "ನಾನೂ ಕೇಳ್ಲಿಲ್ಲ" ಎಂದ.