ಕುಂಕುಮ ಒಳಗೆ ಇಳಿದಿರಲಿಲ್ಲ

ಹೊನ್ನೂರಕ್ಕಾ, ಆ ಡಬ್ಬಿ ಕೆಟ್ಟದ್ದು ನೀವು ಹಚ್ಚಿದ ಕುಂಕುಮದಿಂದಲ್ಲ. ನಾನು ಸುಳ್ಳು ಹೇಳಿದ್ದೆ. ತಿಳಿಯದೆ ಹೇಳಿದ್ದಲ್ಲ — ಸುಳ್ಳೆಂದು ಗೊತ್ತಿದ್ದೇ ಹೇಳಿದ್ದೆ. ಇಷ್ಟು ಬರೆಯಲು ನನಗೆ ಆರು ವರ್ಷ ಹಿಡಿಯಿತು.

ನಿಮಗೆ ಗೊತ್ತಿರುವ ಕಥೆಯೇ. ಆದರೂ ಮೊದಲಿನಿಂದ ಬರೆಯುತ್ತೇನೆ, ನಿಮಗೆ ಗೊತ್ತಿಲ್ಲದ ಭಾಗ ನಡುವೆ ಇದೆ.

ಬಳ್ಳಾರಿಯ ಆ ಜೀನ್ಸ್ ಹೊಲಿಯುವ ಕಾರ್ಖಾನೆಗೆ ನನ್ನನ್ನು ಕರೆಸಿದಾಗ ನೀವು ದಾರ ಕತ್ತರಿಸುವ ಕೆಲಸದಿಂದ ಮೇಲೆ ಬಂದು, ಕಂಪ್ಯೂಟರ್ ಮುಂದೆ ಕೂತು ಎರಡು ವರ್ಷವಾಗಿತ್ತು. ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದಿರಿ. ಗೋಡೆಯ ತುಂಬ ಮೊಳೆಗಳಿಗೆ ಕಟಿಂಗ್ ಮಾಸ್ತರರ ರಟ್ಟುಗಳು ತೂಗುತ್ತಿದ್ದವು — ಪ್ಯಾಂಟಿನ ಕಾಲಿಗೊಂದು, ಸೊಂಟಕ್ಕೊಂದು, ಜೇಬಿಗೊಂದು, ಹೀಗೆ ಪ್ರತಿ ಸೈಜಿಗೂ. ಮಾಸ್ತರರು ಅರ್ಧ ಆಯುಷ್ಯ ಕೂತು ಕತ್ತರಿಸಿದ ಅಳತೆಗಳು ಅವು. ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದವರು ನೀವು. ಯಾರೂ ಕಲಿಸಿರಲಿಲ್ಲ, ನೋಡಿ ನೋಡಿ ಕಲಿತಿದ್ದಿರಿ.

ನನ್ನ ಕೆಲಸ ಸಣ್ಣದು. ಅಲ್ಲಿದ್ದ ಐದು ಕಂಪ್ಯೂಟರುಗಳನ್ನು ವೈರಿನಿಂದ ಜೋಡಿಸುವುದು, ಎಲ್ಲರ ಫೈಲುಗಳೂ ಒಂದೇ ಕಡೆ ಇರುವಂತೆ ಒಂದು ಡಬ್ಬಿ ಕೂಡಿಸುವುದು. ಡಬ್ಬಿಯೊಳಗೆ ಎರಡು ಡಿಸ್ಕು. ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಕೆಟ್ಟರೂ ಚಿಂತೆಯಿಲ್ಲ ಎಂದು ಮಾಲೀಕರಿಗೆ ಮಾತು ಕೊಟ್ಟಿದ್ದೆ.

ಕೂಡಿಸುವ ದಿನ ನೋಡಿದರೆ ನಾನು ತಂದಿದ್ದ ಡಿಸ್ಕುಗಳು ಸಣ್ಣವು. ಅಂದಾಜು ತಪ್ಪಿತ್ತು. ಒಂದರ ನಕಲು ಇನ್ನೊಂದಕ್ಕೆ ಮಾಡಿದರೆ ನಿಮ್ಮ ಫೈಲುಗಳೇ ಹಿಡಿಯುತ್ತಿರಲಿಲ್ಲ. ಎರಡನ್ನೂ ಸೇರಿಸಿ ಒಂದೇ ದೊಡ್ಡ ಡಿಸ್ಕು ಮಾಡಿದರೆ ಎಲ್ಲ ಹಿಡಿಯುತ್ತಿತ್ತು — ಆದರೆ ಆಗ ಒಂದು ಕೆಟ್ಟರೆ ಎಲ್ಲವೂ ಹೋದಂತೆ. ಮಾಲೀಕರ ಹತ್ತಿರ ಹೋಗಿ ‘ನಾನು ತಂದದ್ದು ಸಾಲದು’ ಎನ್ನಲು ನಾಚಿಕೆಯಾಯಿತು. ಮೂರು ಊರಲ್ಲಿ ಹೆಸರು ಮಾಡಿದ್ದೇನೆಂಬ ಜಂಭ ಬೇರೆ. ಸಿರುಗುಪ್ಪದ ರೈಸ್ ಮಿಲ್ಲಿನವರು ತಮ್ಮ ಕೆಲಸಕ್ಕೆ ಬಾ ಎಂದು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಎರಡನ್ನೂ ಸೇರಿಸಿದೆ. ಮುಂದೆ ಬಂದು ಸರಿ ಮಾಡಿದರಾಯಿತು ಅಂದುಕೊಂಡೆ. ಆ ಮುಂದೆ ಎಂಬುದು ಬರಲೇ ಇಲ್ಲ.

ನೀವು ಕೇಳಿದ್ದಿರಿ. ಅದು ನನಗೆ ಚೆನ್ನಾಗಿ ನೆನಪಿದೆ.

“ಸಾರ್, ಇದರದ್ದೊಂದು ಕಾಪಿ ಬ್ಯಾರೆ ಕಡಿಗೂ ಇಡಾಮೇನ್ರಿ?”

“ಒಳಗ ಎರಡು ಅದಾವಲ್ರೀ ಅಕ್ಕಾ. ಇನ್ನ ಎಷ್ಟ್ ಕಾಪಿ ಬೇಕು ನಿಮಗ?” ಎಂದು ನಕ್ಕಿದ್ದೆ. ಮಾಲೀಕರೂ ನಕ್ಕರು. ನೀವು ತಲೆ ತಗ್ಗಿಸಿ ಕೆಲಸಕ್ಕೆ ಕೂತಿರಿ. ಅಷ್ಟಕ್ಕೇ ಬಿಡಲಿಲ್ಲ ನಾನು — ಈ ರಟ್ಟು ಇನ್ನು ಯಾಕೆ, ಒಂದು ಕೋಣೆ ಜಾಗ ಉಳಿಯುತ್ತದೆ ಎಂದು ಮಾಲೀಕರಿಗೆ ಹೇಳಿದವನೂ ನಾನೇ. ಮರುವಾರ ಮಾಸ್ತರರ ರಟ್ಟುಗಳು ಗುಜರಿಗೆ ಹೋದವು.

ಮರುವರ್ಷ ಆಯುಧಪೂಜೆ ಬಂತು. ಮಷೀನುಗಳನ್ನೆಲ್ಲ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದರು. ನಿಮ್ಮ ಕೋಣೆಯ ಪೂಜೆ ನಿಮ್ಮ ಪಾಲಿಗೆ ಬಂದಿತ್ತು. ಕಂಪ್ಯೂಟರಿಗೂ ಡಬ್ಬಿಗೂ ಕುಂಕುಮ ಕಲಸಿ ಬೊಟ್ಟಿಟ್ಟಿರಿ. ರಜೆ ಮುಗಿದು ಚಾಲು ಮಾಡಿದಾಗ ಡಬ್ಬಿಯ ಮೇಲೆ ಕೆಂಪು ದೀಪ. ಯಾವ ಕಂಪ್ಯೂಟರಿನಲ್ಲೂ ಒಂದು ಫೈಲೂ ಇಲ್ಲ.

ನಾನು ಬಂದು ಡಬ್ಬಿ ಬಿಚ್ಚಿದೆ. ಒಂದು ಡಿಸ್ಕು ತಾನಾಗಿಯೇ ಸತ್ತಿತ್ತು — ಡಿಸ್ಕುಗಳು ಸಾಯುತ್ತವೆ, ಅದಕ್ಕೆಂದೇ ಎರಡು ಇಡುವುದು. ಒಳಗೆ ಜೀನ್ಸ್ ಬಟ್ಟೆಯ ನೀಲಿ ಧೂಳಿತ್ತು. ಕುಂಕುಮದ ಒಂದು ಕಣವೂ ಇರಲಿಲ್ಲ. ನಾನು ಕಲಿಸಿಕೊಟ್ಟಂತೆಯೇ ಗುಂಡಿ ಒತ್ತಿ, ಸರಿಯಾಗಿ ಆಫ್ ಮಾಡಿದ್ದಿರಿ ಎಂಬುದೂ ಡಬ್ಬಿಯ ದಾಖಲೆಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕಂಡಿತು. ಬೇರೆ ಯಾರೂ ನೋಡುವ ಮೊದಲೇ ಅದನ್ನು ಮುಚ್ಚಿಬಿಟ್ಟೆ. ಹಿಂದೆ ಮಾಲೀಕರು, ಮಾಸ್ತರರು, ನೀವು ನಿಂತಿದ್ದಿರಿ.

“ಏನಾಗೈತಪಾ?” ಎಂದರು ಮಾಲೀಕರು.

ಆಗ ಇನ್ನೂ ದಾರಿ ಇತ್ತು. ನನ್ನಿಂದ ತಪ್ಪಾಯಿತು ಎಂದರೆ ಬೈಯುತ್ತಿದ್ದರು, ಬಹುಶಃ ಹೊರಗೆ ಹಾಕುತ್ತಿದ್ದರು, ಊರಲ್ಲಿ ನಾಲ್ಕು ಜನಕ್ಕೆ ಹೇಳುತ್ತಿದ್ದರು. ಅಷ್ಟೇ. ನನ್ನ ಕಣ್ಣು ಡಬ್ಬಿಯ ಮೇಲಿನ ಬೊಟ್ಟಿನ ಮೇಲೆ ಬಿತ್ತು —

“ಕುಂಕುಮ ಒಳಗ ಇಳದೈತ್ರಿ,” ಎಂದೆ.

ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು ಆ ಮಾತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಕಂಪ್ಯೂಟರ್ ಬಲ್ಲವನು ಹೇಳಿದ ಮೇಲೆ ಮುಗಿಯಿತು. ನೀವು ಮಾತ್ರ, “ಒಂದೀಟೂ ವಾಪಸ್ ಬರಂಗಿಲ್ಲೇನ್ರಿ ಸಾರ್?” ಎಂದಿರಿ. ಬರುವುದಿಲ್ಲವೆಂದು ತಲೆಯಾಡಿಸಿದೆ. ಮಾಸ್ತರರು ಖಾಲಿ ಗೋಡೆಯ ಕಡೆ ನೋಡುತ್ತ ಹೊರಗೆ ಹೋದರು.

ಮಾಲೀಕರು ನಿಮ್ಮನ್ನು ಮತ್ತೆ ದಾರ ಕತ್ತರಿಸಲು ಕೂರಿಸಿದರೆಂದೂ, ವಾರದೊಳಗೆ ನೀವು ಕೆಲಸ ಬಿಟ್ಟಿರೆಂದೂ ಆಮೇಲೆ ತಿಳಿಯಿತು. ಹೊಸ ಡಬ್ಬಿ ಕೂಡಿಸಲು ನನ್ನನ್ನೇ ಕರೆದರು. ಈ ಸಲ ದೊಡ್ಡ ಡಿಸ್ಕು ತಂದು, ಎರಡರಲ್ಲೂ ನಕಲು ಇರುವಂತೆ ಮಾಡಿ, ಇನ್ನೊಂದು ಕಾಪಿ ಬೇರೆ ಕಡೆಗೂ ಇಟ್ಟೆ — ನೀವು ಹೇಳಿದ್ದನ್ನೇ. ಎಷ್ಟು ಜಾಗ್ರತೆಯ ಮನುಷ್ಯ ಎಂದು ಹೊಗಳಿದರು. ಹೊಗಳಿಸಿಕೊಂಡೆ.

ಹೇಡಿತನ ಎಂದು ಇದನ್ನು ಮರೆಯಬಹುದಿತ್ತೋ ಏನೋ. ಆದರೆ ಹೋದ ದಸರೆಯ ವಾರ ಕುರುಗೋಡಿನ ಬೀಜ ಗೊಬ್ಬರದ ಅಂಗಡಿಗೆ ಕಂಪ್ಯೂಟರ್ ಜೋಡಿಸಲು ಬಂದಿದ್ದೆ. ಎದುರಿನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷೀನ್ ಮುಂದೆ ನೀವು. ನಾನು ತಲೆ ತಪ್ಪಿಸಿಕೊಳ್ಳುವಷ್ಟರಲ್ಲಿ, “ಸಾರ್, ಬರ್ರಿ, ಚಾ ಕುಡದು ಹೋಗ್ರಿ,” ಎಂದು ಕರೆದಿರಿ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರೆ. ಗೊತ್ತಾಗಿದೆಯೇನೋ, ಬೈಯಲು ಕರೆದಿರೇನೋ ಎಂದುಕೊಂಡೇ ಒಳಗೆ ಬಂದೆ.

ನಿಮ್ಮ ಮಗಳು ಮಷೀನು ಒರೆಸುತ್ತಿದ್ದಳು. ಪೂಜೆಯ ತಯಾರಿಯೇನಮ್ಮ ಎಂದು ಸುಮ್ಮನೆ ಕೇಳಿದೆ. ಉತ್ತರ ಕೊಟ್ಟವರು ನೀವು.

“ಪೂಜಿ ಇಕೀನ ಮಾಡ್ತಾಳ್ರಿ. ನಾ ಅವತ್ತು ಮಷೀನ್ ಮುಟ್ಟಂಗಿಲ್ಲ. ನನ್ನ ಕೈಗುಣ ನಿಮಗ ಗೊತ್ತೈತಲ್ರಿ.”

ನಕ್ಕೇ ಹೇಳಿದಿರಿ. ಮಗಳೂ ನಕ್ಕಳು — ಮನೆಯಲ್ಲಿ ಎಷ್ಟೋ ಸಲ ಕೇಳಿದ ಮಾತಿಗೆ ನಗುವಂತೆ. ಆಮೇಲೆ ಚಹಾ ಕೊಡುತ್ತ, “ಅವತ್ತು ನೀವೊಬ್ರ ನನಗ ಬೈಲಿಲ್ಲ ನೋಡ್ರಿ. ಅದನ್ನ ನಾ ಮರತಿಲ್ಲ,” ಎಂದಿರಿ.

ಆ ಕ್ಷಣ ಹೇಳಬೇಕಿತ್ತು. ನಿಮ್ಮ ಚಹಾ ಕುಡಿದೆ, ಚಲೋ ಆಗೈತಿ ಎಂದೆ, ಬಂದುಬಿಟ್ಟೆ. ಮೊದಲ ಸಲ ಹೆದರಿಕೆ ಇತ್ತು; ಈ ಸಲ ಏನಿತ್ತು? ನೀವು ನನ್ನನ್ನು ಒಳ್ಳೆಯವನು ಅಂದುಕೊಂಡದ್ದು ಹಿತವಾಗಿತ್ತು. ಅದಕ್ಕಿಂತ ದೊಡ್ಡ ನೀಚತನ ನನಗೆ ತಿಳಿದಿಲ್ಲ. ನಾನು ಹಾಳು ಮಾಡಿದ್ದು ಫೈಲುಗಳನ್ನು, ನಿಮ್ಮ ಕೆಲಸವನ್ನು ಎಂದೇ ಇಷ್ಟು ದಿನ ಲೆಕ್ಕ ಹಾಕಿದ್ದೆ. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೇ —

ಮೊನ್ನೆ ಕಾರ್ಖಾನೆಯ ಮಾಲೀಕರ ಬಳಿ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ.

“ಅಕಿಗೆ ಹೇಳೀಯೇನು?”

“ಇಲ್ರಿ.”

“ಮತ್ತ ನನ್ನ ಮುಂದ ಯಾಕ ಹೇಳಾಕ ಬಂದಿ?”

ಸುಲಭದ ಬಾಗಿಲು ಯಾವುದೋ ಅದನ್ನೇ ಮೊದಲು ತಟ್ಟಿದ್ದೆ.

ಇದನ್ನು ಅಂಚೆಗೆ ಹಾಕುವುದಿಲ್ಲ, ಫೋನಿನಲ್ಲಿ ಕಳಿಸುವುದೂ ಇಲ್ಲ. ನಾಳೆ ಕುರುಗೋಡಿಗೆ ಬಂದು, ನಿಮ್ಮೆದುರು ನಿಂತು ನಾನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ನಿಮ್ಮ ಮಗಳು ಶಾಲೆಯಿಂದ ಬಂದ ಮೇಲೆಯೇ ಬರುತ್ತೇನೆ. ಅಮ್ಮನ ಕೈಗುಣ ಕೆಟ್ಟದ್ದೆಂದು ನಂಬಿ ಬೆಳೆದ ಹುಡುಗಿ ಅವಳು. ಆ ಸುಳ್ಳು ಹುಟ್ಟಿಸಿದವನ ಮುಖವನ್ನು ಅವಳೂ ನೋಡಲಿ.