ತಲೆ ಇರುವ ಕೌದಿ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಒಣಗಿದ ಲಕ್ಕಿ ಸೊಪ್ಪಿನ ಕಹಿ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಹಳೆಯ ಬಟ್ಟೆಯ ವಾಸನೆ, ಒಲೆಯ ಹೊಗೆಯ ವಾಸನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಆ ಟ್ರಂಕನ್ನು ನಾನು ತೆರೆದೇ ಇರಲಿಲ್ಲ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಗಣಿತದ ಪರೀಕ್ಷೆಗೆ ಓದುತ್ತಾ ಕೂತವಳು, ಕ್ರಮಯೋಜನೆ, ವಿಕಲ್ಪ ಎಂದು ಎರಡು ಸಲ ಗೊಣಗಿ, "ಇದು ಯಾವ ಜನ್ಮದಾಗೂ ನನಗ ತಿಳಿಯಂಗಿಲ್ಲ" ಎಂದು ಪೆನ್ನು ಬಿಸಾಡಿದಳು. ನಾನು ಎದ್ದು ಒಳಗೆ ಹೋಗಿ ಟ್ರಂಕು ತೆರೆದೆ. ಎದುರಿಗೆ ನಿಂತು ಹೇಳುವುದು ನನ್ನಿಂದ ಆಗುವುದಿಲ್ಲ, ನಿಮಗೆ ಗೊತ್ತೇ ಇದೆ. ಬರೆಯುವಾಗ ಮಾತ್ರ ನನ್ನ ಮಾತು ನಡುಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಕಾಡಿನೊಳಗೆ ಎರಡು ಮೈಲಿ ನಡೆದರೆ ಸಿಗುತ್ತಿದ್ದ ಸಿದ್ದಿಯರ ಊರಿನಲ್ಲಿತ್ತು. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ನೆಲ, ಮುಂದೆ ಉದ್ದನೆಯ ಜಗಲಿ. ಅಪ್ಪ ದಾಂಡೇಲಿಯಲ್ಲಿ ಬಿದಿರಿನ ಲಾರಿ ಖಾಲಿ ಮಾಡುವ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಅವ್ವ ಕಬ್ಬಿನ ಗದ್ದೆಗೆ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವಳು ನನ್ನ ಅಜ್ಜಿ, ಅಪ್ಪನ ತಾಯಿ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಊರಿನವರೆಲ್ಲ ಹರಕು ಸೀರೆ, ಅಂಗಿ ತಂದು ಅವಳ ಗಂಟಿಗೆ ಹಾಕುತ್ತಿದ್ದರು. ಅಂಚಿನಿಂದ ಹೊಲಿಗೆ ಹಿಡಿದರೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತಿದ್ದಳು. ನಾಲ್ಕು ಮೂಲೆಗೆ ನಾಲ್ಕು ಹೂವು ಹಚ್ಚಲೇಬೇಕು. ತ್ರಿಕೋನದ ಬಟ್ಟೆಗಳನ್ನು ಒಂದರ ಮೇಲೊಂದು ಮಡಚಿ ಹೊಲಿದ ಆ ಹೂವಿಗೆ ಫೂಲ ಎನ್ನುತ್ತಿದ್ದರು. ಫೂಲ ಇಲ್ಲದ ಕೌದಿ ಬರಿಮೈಯದು ಎಂದು ಅಜ್ಜಿ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಅವಳ ಸೂಜಿಗೆ ನೂಲು ಪೋಣಿಸಿಕೊಡುವುದು ನನ್ನ ಕೆಲಸ. ಈಗಲೂ ಕಣ್ಣು ಮುಚ್ಚಿದರೆ ಆ ದಪ್ಪ ಬಟ್ಟೆಯೊಳಗಿಂದ ನೂಲು ಹಾದು ಬರುವ ಸರ್ರ್ ಎಂಬ ಸದ್ದು ಕೇಳುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮೂರಿನಿಂದ ಹತ್ತನೆಯ ತರಗತಿಯವರೆಗೆ ಬಂದ ಹುಡುಗಿ ನಾನೊಬ್ಬಳೇ. ಆ ವರ್ಷ ನಮ್ಮೂರಿಗೆ ಬಾಲವಾಡಿ ಮಂಜೂರಾಗಿತ್ತು. ಊರಿನಲ್ಲೇ ಹತ್ತನೆಯದು ಪಾಸಾದ ಹೆಣ್ಣುಮಗಳಿದ್ದರೆ ಟೀಚರ್ ಕೆಲಸ ಅವಳಿಗೆ, ಇಲ್ಲವಾದರೆ ಹೊರಗಿನವರಿಗೆ ಎಂದು ಸರಕಾರದ ಕಡೆಯಿಂದ ಬಂದವರು ಹೇಳಿ ಹೋಗಿದ್ದರು. ನಾನು ಪಾಸಾದರೆ ಸ್ಲೇಟು, ಮಕ್ಕಳು. ನಪಾಸಾದರೆ ಅವ್ವನ ಜೊತೆ ಕುಡುಗೋಲು ಹಿಡಿದು ಕಬ್ಬಿನ ಗದ್ದೆ. ಉಳಿದ ವಿಷಯಗಳಲ್ಲಿ ನನಗೆ ಭಯವಿರಲಿಲ್ಲ. ಗಣಿತ ಮಾತ್ರ ಕುತ್ತಿಗೆಗೆ ಬಂದಿತ್ತು. ಆರು ತಿಂಗಳ ಪರೀಕ್ಷೆಯಲ್ಲಿ ನನಗೆ ಇಪ್ಪತ್ತೆರಡು ಅಂಕ. ಬೇಕಾದದ್ದು ಮೂವತ್ತೈದು. ಗಣಿತದ ಸರ್ ಧಾರವಾಡದ ಕಡೆಯವರು, ಮೀಸೆಯಲ್ಲೇ ನಗುವ ಮನುಷ್ಯ. "ರೇಖಾಗಣಿತ ಬರದಿದ್ರ ಬಿಡ್ರಿ, ಕ್ರಮಯೋಜನೆ ಒಂದು ಗಟ್ಟಿ ಮಾಡ್ರಿ, ಅದು ನಿಮ್ಮನ್ನ ದಡಾ ಮುಟ್ಟಸ್ತೈತಿ" ಎನ್ನುತ್ತಿದ್ದರು. ನಾನು ಅದನ್ನೇ ಹಿಡಿದುಕೊಂಡೆ. ಶಾಲೆ ಬಿಟ್ಟು ಬಂದ ಮೇಲೆ ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತು ಬಟ್ಟೆಯ ತುಂಡುಗಳನ್ನೇ ಹಿಂದೆಮುಂದೆ ಇಟ್ಟು ಲೆಕ್ಕ ಮಾಡುತ್ತಿದ್ದೆ. ಎರಡು ತುಂಡು, ಮೂರು ತುಂಡು, ನಾಲ್ಕು ತುಂಡು.

ದೊಡ್ಡ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ಒಂದು ತಯಾರಿ ಪರೀಕ್ಷೆ ಇಟ್ಟರು. ಐದು ಬೇರೆ ಬೇರೆ ಬಣ್ಣದ ಬಾವುಟಗಳನ್ನು ಒಂದು ಕಂಬಕ್ಕೆ ಮೇಲಿನಿಂದ ಕೆಳಗೆ ಎಷ್ಟು ವಿಧದಲ್ಲಿ ಕಟ್ಟಬಹುದು ಎಂದು ಪ್ರಶ್ನೆ. ಐದು, ನಾಲ್ಕು, ಮೂರು, ಎರಡು, ಒಂದು ಎಂದು ಗುಣಿಸಿ ನೂರಾ ಇಪ್ಪತ್ತು ತಂದೆ. ತಂದು, ಅದನ್ನು ಅರ್ಧ ಮಾಡಿ ಅರವತ್ತು ಎಂದು ಬರೆದೆ. ಅದೇ ತಪ್ಪನ್ನು ಅಂಥ ಮೂರು ಲೆಕ್ಕಗಳಲ್ಲೂ ಮಾಡಿದ್ದೆ. ಸರ್ ನನ್ನ ಉತ್ತರಪತ್ರಿಕೆ ಎತ್ತಿ ಹಿಡಿದರು.

"ಗಿರಿಜಾ, ಎದ್ದು ನಿಲ್ಲು. ನೂರಾ ಇಪ್ಪತ್ತು ಕರೆಕ್ಟ್ ಬಂದಿತ್ತಲ್ಲ? ಉಳಿದ ಅರವತ್ತು ಯಾರು ತಿಂದ್ರು, ನೀನೋ, ನಿಮ್ಮ ಕಾಡಿನ ಮಂಗ್ಯಾನೋ?"

ಕ್ಲಾಸೆಲ್ಲ ನಕ್ಕಿತು. ನನಗೆ ಕಾರಣ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಮೂವತ್ತೊಂದು ಅಂಕ ಬಂದಿತ್ತು.

ಮನೆಗೆ ಬಂದು ಅಜ್ಜಿಯ ಮುಂದೆ ಅತ್ತೆ. ಅವಳು ಸೂಜಿ ಬಟ್ಟೆಗೆ ಚುಚ್ಚಿಟ್ಟು, "ಮೊದಲ ಹೇಳು, ಯಾಕ ಅರ್ಧಾ ಮಾಡಿದಿ?" ಎಂದಳು. ನಾನು ಅವಳ ತೊಡೆಯ ಮೇಲಿನ ಕೌದಿ ತೋರಿಸಿದೆ. ಐದು ಅಗಲ ಪಟ್ಟಿಯ ಕೌದಿ ಅದು: ಅಪ್ಪನ ಖಾಕಿ ಅಂಗಿ, ಅವ್ವನ ಹಸಿರು ಸೀರೆ, ನನ್ನ ನೀಲಿ ಲಂಗ, ಅಜ್ಜಿಯ ಕಂದು ಸೀರೆ, ಯಾರದೋ ಹಳದಿ ಪರದೆ. ಖಾಕಿಯಿಂದ ಹಳದಿಗೆ ನೋಡಿದರೂ ಅದೇ ಕೌದಿ, ತಿರುವಿ ಹಾಸಿ ಹಳದಿಯಿಂದ ಖಾಕಿಗೆ ನೋಡಿದರೂ ಅದೇ ಕೌದಿ. ಎರಡನ್ನು ಒಂದೇ ಎಂದು ಎಣಿಸಬೇಕಲ್ಲವೇ? ಅಜ್ಜಿ ಸ್ವಲ್ಪ ಹೊತ್ತು ಕೌದಿಯನ್ನು ಆ ಕಡೆ ಈ ಕಡೆ ತಿರುವಿ ನೋಡಿದಳು. "ಬರೋಬರಿ ಹೇಳಿದಿ. ನಾಳೆ ನಾನೂ ಸಾಲಿಗೆ ಬರ್ತೇನಿ" ಎಂದಳು. ಬೇಡವೆಂದು ಕೈ ಹಿಡಿದುಕೊಂಡೆ. ಅವಳು ಕೇಳುವ ಹೆಂಗಸಲ್ಲ.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಗಂಟೆ ಬಾರಿಸುವ ಹೊತ್ತಿಗೆ ಅಜ್ಜಿ ಕೌದಿಯನ್ನು ತಲೆಯ ಮೇಲೆ ಹೊತ್ತು ಬಂದು, ಸರ್ ಇದ್ದ ಕೋಣೆಯ ನೆಲದ ಮೇಲೆ ಹರಡಿಯೇಬಿಟ್ಟಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ನಮ್ಮ ಹುಡುಗಿ ಸುಳ್ಳ ಬರಿಯಂಗಿಲ್ರಿ ಸರ. ನೀವ ಈ ಕಡಿಂದ ನೋಡ್ರಿ. ಈಗ ಆ ಕಡೆ ಹೋಗಿ ನೋಡ್ರಿ. ಎರಡು ಕೌದಿ ಆದವೇನ್ರಿ?"

ಸರ್ ಚಪ್ಪಲಿ ಬಿಟ್ಟು ಕೌದಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಗಿರಿಜಾ, ಒಳಗ ಬಾ" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ನಿಮ್ಮ ಅಜ್ಜಿ ಕೌದಿಗೆ ನಿನ್ನ ಉತ್ತರ ಸರಿ ಐತಿ. ಇದನ್ನ ನನಗ ಯಾರೂ ಕೇಳಿದ್ದಿಲ್ಲ. ಆದರ ನೋಡು, ಕೌದಿಗೆ ತಲಿ ಇಲ್ಲ, ಕಾಲಿಲ್ಲ. ನನ್ನ ಕಂಬಕ್ಕ ಮ್ಯಾಲ ಐತಿ, ಕೆಳಗ ಐತಿ. ಲೆಕ್ಕಾ ಮಾಡೂಕಿಂತ ಮೊದಲ ಕೇಳ್ಕೋ: ಇದಕ್ಕ ತಲಿ ಐತೇನು?" ಆಮೇಲೆ ಅಜ್ಜಿಯ ಗಂಟಿನ ವಿಷಯ ಕೇಳಿ ತಿಳಿದುಕೊಂಡು ಇನ್ನೊಂದು ಮಾತು ಹೇಳಿದರು. ಗಂಟಿನಿಂದ ಐದು ಬಟ್ಟೆ ಆರಿಸಿ ತೆಗೆಯುವುದು ವಿಕಲ್ಪ, ಯಾವುದು ಮೊದಲು ಕೈಗೆ ಬಂತೆಂದು ಯಾರೂ ಕೇಳುವುದಿಲ್ಲ. ಆರಿಸಿದ ಐದನ್ನು ಸಾಲಾಗಿ ಜೋಡಿಸುವುದು ಕ್ರಮಯೋಜನೆ. ಒಂದು ವರ್ಷ ತಲೆಗೆ ಹತ್ತದೇ ಇದ್ದದ್ದು ಆ ನೆಲದ ಮೇಲೆ ಹತ್ತಿತು. ಅಂಕ ಮಾತ್ರ ಸರ್ ಒಂದನ್ನೂ ಹೆಚ್ಚಿಸಲಿಲ್ಲ. ಅಜ್ಜಿ ಕೇಳಿಯೂ ನೋಡಿದಳು.

ಆ ವಾರ ಅಜ್ಜಿ ಕೌದಿ ಮುಗಿಸಿದಳು. ಮುಗಿಸುವಾಗ ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಸಂದಿಯೊಳಗೆ ನಾಲ್ಕು ಅಕ್ಕಿಕಾಳು ಹಾಕಿ ಹೊಲಿಯುವುದು ನಮ್ಮಲ್ಲಿ ವಾಡಿಕೆ. ಅದನ್ನು ನನ್ನ ಕೈಯಿಂದ ಹಾಕಿಸಿದಳು. ಆಮೇಲೆ, ಅವಳ ಆಯುಷ್ಯದಲ್ಲೇ ಎಂದೂ ಮಾಡದ ಕೆಲಸ ಮಾಡಿದಳು. ಖಾಕಿ ಪಟ್ಟಿಯ ಅಂಚಿನ ನಡುವೆ ಐದನೆಯ ಫೂಲ ಹಚ್ಚಿದಳು, ಅಚ್ಚ ಕೆಂಪಿನದು. ಪಕ್ಕದ ಮನೆಯವಳು ನೋಡಿ, "ಮುದುಕಿಗೆ ಲೆಕ್ಕಾ ತಪ್ಪೇತಿ, ಐದು ಫೂಲ ಹಚ್ಯಾಳ" ಎಂದು ನಕ್ಕಳು. "ತಪ್ಪಿಲ್ಲವಾ, ಈ ಕೌದಿಗೆ ತಲಿ ಹಚ್ಚೇನಿ" ಎಂದಳು ಅಜ್ಜಿ. ಪರೀಕ್ಷೆ ಮುಗಿಯುವ ತನಕ ನಾನು ಅದನ್ನೇ ಹೊದ್ದು ಮಲಗಿದೆ, ಕೆಂಪು ಫೂಲ ಗದ್ದಕ್ಕೆ ತಾಗುವಂತೆ.

ಹಳಿಯಾಳದಲ್ಲಿ ದೊಡ್ಡ ಪರೀಕ್ಷೆ. ನಾಲ್ಕು ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುವುದು ಬಂತು, ಎಂಟು ಆಟಗಾರರಲ್ಲಿ ಐವರನ್ನು ಆರಿಸುವುದು ಬಂತು. ಇದಕ್ಕೆ ತಲೆ ಇದೆ, ಅದು ಬರೀ ಗಂಟು. ಇಪ್ಪತ್ನಾಲ್ಕು. ಐವತ್ತಾರು. ಗಣಿತದಲ್ಲಿ ನಲವತ್ತೊಂದು ಬಂತು. ಬಾಲವಾಡಿಯ ಟೀಚರ್ ಆದೆ. ಆ ಸಂಬಳದಲ್ಲೇ ನಿಮ್ಮ ತಾಯಿ ಓದಿದ್ದು. ಇವತ್ತಿಗೂ ಹೇಳುತ್ತೇನೆ, ನನ್ನ ಅರವತ್ತು ತಪ್ಪಲ್ಲ. ಸರ್ ಕೇಳಿದ್ದು ಬೇರೆ ಲೆಕ್ಕ, ಅಷ್ಟೇ.

ಅಜ್ಜಿ ತೀರಿಕೊಂಡಾಗ ಅವಳನ್ನು ಅದೇ ಜಗಲಿಯ ಮೇಲೆ ಮಲಗಿಸಿ ಆ ಕೌದಿ ಹೊದಿಸಿದರು. ಯಾರೋ ಅವಸರದಲ್ಲಿ ಹಳದಿ ಪಟ್ಟಿಯನ್ನು ಎದೆಗೆ ಹಾಕಿ, ಖಾಕಿಯನ್ನು ಪಾದಕ್ಕೆ ಹಾಕಿದ್ದರು. ಊರೆಲ್ಲ ಸೇರಿತ್ತು. ಅಷ್ಟು ಜನರೆದುರು ಅದುವರೆಗೆ ಬಾಯಿ ಬಿಡದವಳು ನಾನು, ಗಟ್ಟಿಯಾಗಿ ಹೇಳಿದೆ: "ತಿರುವಿ ಹಾಕ್ರಿ. ತಲಿ ಈ ಕಡೆ ಐತಿ."

ಈಗ ಆ ಜಗಲಿ ಇಲ್ಲ, ಮನೆಯ ಗೋಡೆಯೂ ಮಳೆಗೆ ಕರಗಿ ಹೋಯಿತು. ಸರ್ ಯಾವಾಗಲೋ ವರ್ಗವಾಗಿ ಹೋದರು. ಅಂದು ಅಜ್ಜಿಯನ್ನು ಎತ್ತುವ ಮುಂಚೆ ಅವಳ ಮೇಲಿಂದ ತೆಗೆದು ನನ್ನ ಕೈಗೆ ಕೊಟ್ಟಿದ್ದ ಆ ಕೌದಿಯನ್ನು ಮೊನ್ನೆ ಬಿಸಿಲಿಗೆ ಹರಡಿ ನೋಡಿದೆ. ಎಷ್ಟೋ ಸಲ ಹಳ್ಳದಲ್ಲಿ ತೊಳೆದು, ಖಾಕಿ ಯಾವುದು, ಹಸಿರು ಯಾವುದು, ನನ್ನ ಲಂಗ ಯಾವುದು ಎಂದು ಗುರುತು ಸಿಗದಷ್ಟು ಐದೂ ಪಟ್ಟಿ ಒಂದೇ ಬೂದಿ ಬಣ್ಣಕ್ಕೆ ಬಂದಿವೆ. ಇವನ್ನು ಎಷ್ಟು ವಿಧದಲ್ಲಿ ಜೋಡಿಸಬಹುದು ಎಂದು ಸರ್ ಈಗ ಕೇಳಿದರೆ ಒಂದೇ ಎನ್ನಬೇಕು. ಐದನೆಯ ಫೂಲ ಮಾತ್ರ ಇನ್ನೂ ತುಸು ಕೆಂಪಗಿದೆ. ನಿಮ್ಮ ಹಾಸಿಗೆಯ ಮೇಲೆ ಮಡಚಿ ಇಟ್ಟಿದ್ದೇನೆ. ಹೊದ್ದುಕೊಳ್ಳುವಾಗ ಅದನ್ನು ಗದ್ದದ ಕಡೆಗೆ ಎಳೆದುಕೊಳ್ಳಿ.